ಹೊಸ ಕಾರ್ಮಿಕ ಸಂಹಿತೆಯಲ್ಲಿ ವಲಸಿಗ: ರಕ್ಷಣೆ ಸಿಕ್ಕಿದ್ದೆಷ್ಟು, ಕೈಜಾರಿದ್ದೆಷ್ಟು?

2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ, ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ರೂಪಿಸಿದ ನಾಲ್ಕೂ ಕಾರ್ಮಿಕ ಸಂಹಿತೆಗಳನ್ನು ಒಮ್ಮೆಲೇ ಜಾರಿಗೆ ತಂದಿತು. ಮರುದಿನದಿಂದಲೇ ಎರಡು ತದ್ವಿರುದ್ಧ ಮಾತುಗಳು ಕೇಳಿಬಂದವು. ಊರು ಬಿಟ್ಟು ಬಂದು ದುಡಿಯುವವರಿಗೆ ಕೊನೆಗೂ ಕಾನೂನಿನ ಆಸರೆ ಸಿಕ್ಕಿತು ಎಂದಿತು ಸರ್ಕಾರ. ಇದ್ದ ಆಸರೆಯನ್ನೂ ಕಿತ್ತುಕೊಂಡಿರಿ ಎಂದವು ಹತ್ತು ಕೇಂದ್ರ ಕಾರ್ಮಿಕ ಸಂಘಟನೆಗಳು. ನವೆಂಬರ್ 26ರಂದು ಬೀದಿಗೂ ಇಳಿದವು. ಭಾರತೀಯ ಮಜ್ದೂರ್ ಸಂಘ ಮಾತ್ರ ಸಂಹಿತೆಗಳನ್ನು ಸ್ವಾಗತಿಸಿತು.

ಇಬ್ಬರೂ ಒಂದೇ ಕಾನೂನಿನ ಬಗ್ಗೆಯೇ ಮಾತಾಡುತ್ತಿದ್ದಾರೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸರ್ಕಾರ ತೋರಿಸುವುದು ‘ವಲಸೆ ಕಾರ್ಮಿಕ’ನ ವ್ಯಾಖ್ಯೆಯನ್ನು, ಅದು ಹಿಗ್ಗಿದೆ. ಸಂಘಟನೆಗಳು ತೋರಿಸುವುದು ‘ಕಾರ್ಖಾನೆ’ಯ ವ್ಯಾಖ್ಯೆಯನ್ನು, ಅದು ಕುಗ್ಗಿದೆ. ಈ ಎರಡೂ ಸೇರುವ ಜಾಗದಲ್ಲಿ, ಅಂದರೆ ಬೆಂಗಳೂರಿನ ಕೈಗಾರಿಕಾ ಪ್ರದೇಶಗಳಾದ ಪೀಣ್ಯ, ಬೊಮ್ಮಸಂದ್ರ, ಜಿಗಣಿಯ ಸಣ್ಣ ಶೆಡ್‌ಗಳಲ್ಲಿ ಕೆಲಸ ಮಾಡುವ ಒಡಿಶಾ, ಬಿಹಾರ, ಬಂಗಾಳದ ಹುಡುಗರಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ಹಳೆಯ ಕಾನೂನು ಯಾರಿಗಾಗಿ ಬರೆದದ್ದು

ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಅದರ ಬೇರು ಒಡಿಶಾದ ‘ದಾದನ್’ ಪದ್ಧತಿಯಲ್ಲಿತ್ತು. ದಲ್ಲಾಳಿ ಹಳ್ಳಿಗೆ ಹೋಗಿ ಮುಂಗಡ ಕೊಟ್ಟು, ಜನರನ್ನು ಗುಂಪುಗಟ್ಟಿ ದೂರದ ರಾಜ್ಯಕ್ಕೆ ಸಾಗಿಸುತ್ತಿದ್ದ. ಹಾಗಾಗಿ ಕಾಯ್ದೆ ಪೂರ್ತಿ ನಿಂತದ್ದು ಆ ದಲ್ಲಾಳಿಯ ಮೇಲೆ. ಐದು ಅಥವಾ ಹೆಚ್ಚು ಜನರನ್ನು ಕರೆತಂದರೆ ಅವನು ಲೈಸೆನ್ಸ್ ಪಡೆಯಬೇಕು, ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಊರು ಬಿಟ್ಟ ತಪ್ಪಿಗೆ ಎಂಬಂತೆ ಅರ್ಧ ತಿಂಗಳ ಕೂಲಿಯನ್ನು ಸ್ಥಳಾಂತರ ಭತ್ಯೆಯಾಗಿ ಕೊಡಬೇಕು.

ಆಮೇಲೆ ವಲಸೆಯ ರೀತಿಯೇ ಬದಲಾಯಿತು. ಈಗ ಊರಿನ ಹುಡುಗನೊಬ್ಬ ಮೊದಲು ಬರುತ್ತಾನೆ, ‘ಇಲ್ಲಿ ಕೆಲಸ ಇದೆ’ ಎಂದು ಫೋನ್ ಮಾಡುತ್ತಾನೆ, ತಮ್ಮ, ಭಾವ, ಪಕ್ಕದ ಮನೆಯವ ಎಲ್ಲರೂ ರೈಲು ಹತ್ತುತ್ತಾರೆ. ಇವರನ್ನು ಯಾರೂ ‘ಕರೆತಂದಿಲ್ಲ’. ಹಾಗಾಗಿ 1979ರ ಕಾಯ್ದೆಯ ಕಣ್ಣಿಗೆ ಇವರು ವಲಸೆ ಕಾರ್ಮಿಕರೇ ಅಲ್ಲ. 2016–17ರ ಆರ್ಥಿಕ ಸಮೀಕ್ಷೆಯ ಅಂದಾಜಿನಂತೆ ವರ್ಷಕ್ಕೆ ಸುಮಾರು 90 ಲಕ್ಷ ಜನ ರಾಜ್ಯದಿಂದ ರಾಜ್ಯಕ್ಕೆ ಓಡಾಡುತ್ತಿದ್ದ ಕಾಲದಲ್ಲೂ ಕಾಯ್ದೆ ಕಾಗದದ ಮೇಲೇ ಉಳಿಯಿತು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವಾಗ ಸತ್ತವರೆಷ್ಟು ಎಂದು ಸಂಸತ್ತಿನಲ್ಲಿ ಕೇಳಿದಾಗ, ಅಂಥ ಲೆಕ್ಕ ಇಟ್ಟಿಲ್ಲ ಎಂಬ ಉತ್ತರ ಬಂತು. ಅಸಂಘಟಿತರ ನೋಂದಣಿಗೆ ಇ-ಶ್ರಮ್ ಪೋರ್ಟಲ್ ಶುರುವಾದದ್ದೇ ಅದಾದ ಮೇಲೆ, 2021ರ ಆಗಸ್ಟ್‌ನಲ್ಲಿ.

ಹೊಸದರಲ್ಲಿ ಹಿಗ್ಗಿದ್ದು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2020, ಚಿಕ್ಕದಾಗಿ ಸುರಕ್ಷತಾ ಸಂಹಿತೆ, 1948ರ ಕಾರ್ಖಾನೆ ಕಾಯ್ದೆಯನ್ನೂ 1979ರ ವಲಸೆ ಕಾಯ್ದೆಯನ್ನೂ ಸೇರಿಸಿ ಒಟ್ಟು 13 ಕಾನೂನುಗಳ ಜಾಗಕ್ಕೆ ಬಂದಿದೆ. ತಾನಾಗಿಯೇ ಬಂದು ಕೆಲಸ ಹಿಡಿದವನೂ ಈಗ ವಲಸೆ ಕಾರ್ಮಿಕ. ಇದು ದೊಡ್ಡ ತಿದ್ದುಪಡಿ, ಅನುಮಾನವಿಲ್ಲ. ಊರಿಗೆ ಹೋಗಿಬರಲು ವರ್ಷಕ್ಕೊಮ್ಮೆ ಪ್ರಯಾಣ ಭತ್ಯೆ, ಹುಟ್ಟೂರಿನಲ್ಲೋ ಕೆಲಸದ ಊರಿನಲ್ಲೋ ಎಲ್ಲಿ ಬೇಕಾದರೂ ರೇಷನ್ ಪಡೆಯುವ ಅವಕಾಶ ಇದರಲ್ಲಿವೆ. ನೇಮಕಾತಿ ಪತ್ರ ಎಲ್ಲ ಕಾರ್ಮಿಕರಿಗೂ ಕಡ್ಡಾಯ. ಆ ಒಂದು ಹಾಳೆ ಎಷ್ಟು ಮುಖ್ಯ ಎಂಬುದು ಅಪಘಾತವಾದ ದಿನ ಗೊತ್ತಾಗುತ್ತದೆ.

ಆದರೆ ಷರತ್ತುಗಳನ್ನೂ ಓದಬೇಕು. ಒಂದೇ ಕಡೆ 10 ವಲಸಿಗರಿದ್ದರೆ ಮಾತ್ರ ಸಂಹಿತೆಯ ಈ ವಲಸಿಗರ ಅಧ್ಯಾಯ ಅನ್ವಯ. ಹಿಂದೆ ಐವರಿದ್ದರೆ ಸಾಕಿತ್ತು. ಸ್ಥಳಾಂತರ ಭತ್ಯೆ ಕೈಬಿಟ್ಟಿದ್ದಾರೆ. ತಾನಾಗಿ ಬಂದವನಿಗೆ ತಿಂಗಳಿಗೆ 18,000 ರೂಪಾಯಿಯ ವೇತನ ಮಿತಿಯಿದ್ದು, ಅದನ್ನು ಏರಿಸುವ ಅಧಿಕಾರ ಕೇಂದ್ರದ್ದು. 2025ರ ಏಪ್ರಿಲ್‌ನಲ್ಲಿ ಕರ್ನಾಟಕ ಹೊರಡಿಸಿದ ಕನಿಷ್ಠ ವೇತನದ ಕರಡು ಆ ಮಿತಿಗಿಂತ ಹೆಚ್ಚೇ ಇತ್ತು. ಅಂದರೆ ರಾಜ್ಯ ಕೂಲಿ ಏರಿಸಿ, ಕೇಂದ್ರ ಮಿತಿ ಏರಿಸದೆ ಬಿಟ್ಟರೆ, ಬೆಂಗಳೂರಿನ ಬಹುಪಾಲು ಹುಡುಗರು ಸಂಬಳ ಹೆಚ್ಚಾದ ತಿಂಗಳಿಂದಲೇ ‘ವಲಸೆ ಕಾರ್ಮಿಕ’ ಪಟ್ಟಿಯಿಂದ ಹೊರಗೆ. ಇದನ್ನು ಬರೆದವರಿಗೆ ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟರೋ ತಿಳಿಯದು.

18 ಜನರ ಶೆಡ್‌ನ ಲೆಕ್ಕ

ಇನ್ನು ಕುಗ್ಗಿದ್ದು. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ 10 ಜನರಿದ್ದರೆ ಅದು ಕಾರ್ಖಾನೆ. ಈಗ 20 ಬೇಕು. ವಿದ್ಯುತ್ ಇಲ್ಲದ ಕಡೆ 20 ಇದ್ದದ್ದು 40 ಆಗಿದೆ. ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ 20 ಇದ್ದದ್ದು 50. ಇದು ರಾತ್ರೋರಾತ್ರಿ ಬಂದದ್ದೂ ಅಲ್ಲ, ರಾಜಸ್ಥಾನ 2014ರಲ್ಲೇ ಈ ದಾರಿ ಹಿಡಿದಿತ್ತು.

ಹದಿನೆಂಟು ಜನರಿರುವ, ಯಂತ್ರದಲ್ಲಿ ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶೆಡ್ ಅಂದುಕೊಳ್ಳಿ. ಹದಿಮೂರು ಜನ ವಲಸಿಗರು. ಮೊನ್ನೆಯವರೆಗೆ ಅದು ಕಾರ್ಖಾನೆ: ಕಟ್ಟಡದ ನಕ್ಷೆಗೆ ಅನುಮೋದನೆ, ಲೈಸೆನ್ಸ್, ಯಂತ್ರಕ್ಕೆ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ), ಕಾರ್ಖಾನೆ ಮತ್ತು ಬಾಯ್ಲರ್ ಇಲಾಖೆಯ ಕಣ್ಣು. ಈಗ ಅದು ಕಾರ್ಖಾನೆಯಲ್ಲ. ಹಾಗೆಂದು ಪೂರ್ತಿ ಕಾನೂನಿನ ಹೊರಗೂ ಇಲ್ಲ. 10 ಜನರಿರುವುದರಿಂದ ಅದೊಂದು ‘ಸಂಸ್ಥೆ’, ಮಾಲೀಕನ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಕೆಲಸದ ಜಾಗ ಅಪಾಯಮುಕ್ತವಾಗಿರಬೇಕು, ನೇಮಕಾತಿ ಪತ್ರ ಕೊಡಬೇಕು. ಹದಿಮೂರು ವಲಸಿಗರಿಗೆ ಪ್ರಯಾಣ ಭತ್ಯೆಯೂ ಸಿಗಬೇಕು.

ಸರ್ಕಾರದ ವಕ್ತಾರರು ಈ ಶೆಡ್ ಇನ್ನೂ ಕಾನೂನಿನೊಳಗಿದೆ ಎನ್ನುವುದೂ, ಸಂಘಟನೆಗಳು ಅದು ಕಾರ್ಖಾನೆ ನಿಯಮದಿಂದ ಹೊರಬಿತ್ತು ಎನ್ನುವುದೂ ಹೀಗೆ ಏಕಕಾಲಕ್ಕೆ ನಿಜ. ಶೆಡ್‌ನ ಹುಡುಗನಿಗೆ ಊರಿಗೆ ಹೋಗುವ ಟಿಕೆಟ್ ದುಡ್ಡು ಸಿಕ್ಕಿತು. ಅವನ ಯಂತ್ರವನ್ನು ಕಾರ್ಖಾನೆಯ ಯಂತ್ರವೆಂದು ನೋಡುವ ಕಣ್ಣು ಹೋಯಿತು.

ಬೆರಳು ಹೋಗುವುದು ಹೇಗೆ

ಈ ಬದಲಾವಣೆ ಎಷ್ಟು ಗಂಭೀರ ಎಂಬುದು ಯಂತ್ರದ ಮುಂದೆ ನಿಂತರೆ ತಿಳಿಯುತ್ತದೆ. ವಾಹನಗಳ ಬಿಡಿಭಾಗ ಮಾಡುವ ಪವರ್ ಪ್ರೆಸ್‌ನಲ್ಲಿ ಕೆಲಸ ಸರಳ. ಎಡಗೈಯಲ್ಲಿ ತಗಡನ್ನು ಡೈ, ಅಂದರೆ ಅಚ್ಚಿನ ಮೇಲೆ ಇಡಬೇಕು, ಪೆಡಲ್ ಒತ್ತಬೇಕು, ಮೇಲಿನ ರ‍್ಯಾಮ್ ದಬ್ ಎಂದು ಇಳಿದು ಏರುತ್ತದೆ, ತುಂಡು ತೆಗೆಯಬೇಕು, ಮತ್ತೆ ತಗಡು. ದಿನಕ್ಕೆ ಸಾವಿರಾರು ಸಲ. ಕೈ ಒಳಗಿರುವಾಗ ಕಾಲು ಪೆಡಲ್ ಒತ್ತಿದರೆ ಮುಗಿಯಿತು.

ಇದನ್ನು ತಪ್ಪಿಸುವ ಉಪಾಯ ಹೊಸದೇನಲ್ಲ. ಎರಡೂ ಕೈಯಿಂದ ಎರಡು ಬಟನ್ ಒತ್ತಿದರೆ ಮಾತ್ರ ಇಳಿಯುವ ಪ್ರೆಸ್‌ನಲ್ಲಿ ಕೈ ಒಳಗಿರಲು ಸಾಧ್ಯವೇ ಇಲ್ಲ. ಲೈಟ್ ಸೆನ್ಸರ್ ಇದ್ದರೆ ಬೆರಳು ಅಡ್ಡ ಬಂದ ತಕ್ಷಣ ಯಂತ್ರ ನಿಲ್ಲುತ್ತದೆ. ಆದರೆ ಎರಡು ಬಟನ್ ಎಂದರೆ ಗಂಟೆಗೆ ಇಷ್ಟು ತುಂಡು ಕಡಿಮೆ. ಹಾಗಾಗಿ ಒಂದು ಬಟನ್‌ಗೆ ಏನನ್ನೋ ಸಿಕ್ಕಿಸಿ ಸದಾ ಒತ್ತಿದಂತೆ ಇಡುವುದು, ಸೆನ್ಸರ್ ಆಫ್ ಮಾಡುವುದು ನಡೆಯುತ್ತದೆ. ಟಾರ್ಗೆಟ್ ಮುಟ್ಟಬೇಕಾದವನೇ ಎಷ್ಟೋ ಸಲ ಅದನ್ನು ಮಾಡುತ್ತಾನೆ, ಸೂಪರ್‌ವೈಸರ್ ನೋಡಿಯೂ ನೋಡದಂತಿರುತ್ತಾನೆ. ಅಪಘಾತದ ನಂತರ ‘ಅವನೇ ಆಫ್ ಮಾಡಿಕೊಂಡಿದ್ದ’ ಎಂಬ ಸಮಜಾಯಿಷಿ ಬರುವುದು ಈ ಕಾರಣಕ್ಕೆ.

ಇನ್ನೊಂದು ಅಂಶ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸಣ್ಣ ಶೆಡ್‌ಗಳು ಕೊಳ್ಳುವ ಹಳೆಯ ಕೀ-ಕ್ಲಚ್ ಪ್ರೆಸ್‌ಗಳು ಒಮ್ಮೆ ಇಳಿಯತೊಡಗಿದರೆ ನಡುವೆ ನಿಲ್ಲುವುದೇ ಇಲ್ಲ, ಸುತ್ತು ಪೂರ್ತಿಯಾಗಲೇಬೇಕು. ಅಂಥದ್ದಕ್ಕೆ ಸೆನ್ಸರ್ ಹಾಕಿದರೂ ಉಪಯೋಗವಿಲ್ಲ, ಕೈ ಒಳಗೆ ಹೋಗದಂತೆ ಕಬ್ಬಿಣದ ಗಾರ್ಡ್ ಕೂರಿಸುವುದೊಂದೇ ದಾರಿ. ಕ್ಲಚ್‌ನ ಕೀ ಸವೆದರೆ ಪೆಡಲ್ ಒತ್ತದೆಯೂ ಎರಡನೇ ಸಲ ಇಳಿಯುತ್ತದೆ. ದೊಡ್ಡ ಕಂಪನಿ ಹೊಸ ಪ್ರೆಸ್ ತಂದಾಗ ಹಳೆಯದು ಶೆಡ್‌ಗೆ ಇಳಿಯುತ್ತದೆ, ಅದರ ಜೊತೆ ಅಪಾಯವೂ ಇಳಿಯುತ್ತದೆ.

ಗುರುಗ್ರಾಮ, ಮಾನೇಸರ, ಫರೀದಾಬಾದ್‌ಗಳಲ್ಲಿ ಗಾಯಗೊಂಡ ವಾಹನ ವಲಯದ ಕಾರ್ಮಿಕರ ಜೊತೆ ವರ್ಷಗಳಿಂದ ಕೆಲಸ ಮಾಡುತ್ತಿರುವ ‘ಸೇಫ್ ಇನ್ ಇಂಡಿಯಾ’ ಸಂಸ್ಥೆ ಮತ್ತೆ ಮತ್ತೆ ಹೇಳಿದ್ದು ಇದನ್ನೇ: ಕೈಬೆರಳು ಕಳೆದುಕೊಳ್ಳುವವರಲ್ಲಿ ಬಹುಪಾಲು ವಲಸಿಗರು, ಪವರ್ ಪ್ರೆಸ್ಸೇ ಮುಖ್ಯ ಕಾರಣ, ಮತ್ತು ಹಲವರ ಇಎಸ್‌ಐ (ನೌಕರರ ರಾಜ್ಯ ವಿಮೆ) ನೋಂದಣಿ ಆಗಿದ್ದು ಅಪಘಾತವಾದ ಮೇಲೆ. ಕಾನೂನು ಪ್ರಕಾರ ಕೆಲಸದ ಗಾಯಕ್ಕೆ ಇಎಸ್‌ಐ ಮೊದಲ ದಿನದಿಂದಲೇ ಅನ್ವಯ. ಆದರೆ ನೋಂದಣಿಗೆ ಹತ್ತು ದಿನದ ಅವಕಾಶವಿದೆ. ವರ್ಷದಿಂದ ದುಡಿಯುತ್ತಿದ್ದವ ಆಸ್ಪತ್ರೆಯ ಕಾಗದದಲ್ಲಿ ‘ನಿನ್ನೆಯಷ್ಟೇ ಸೇರಿದವ’ನಾಗುವುದು ಇದರಿಂದಲೇ.

ದಣಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2023ರಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಮೂರು ತಿಂಗಳಿಗೆ 75 ಗಂಟೆಯಿದ್ದ ಓವರ್‌ಟೈಮ್ (ಓಟಿ) ಮಿತಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಏರಿಸಿತು. ಊರಿಗೆ ದುಡ್ಡು ಕಳಿಸಬೇಕಾದವನು ಓಟಿ ಬೇಡ ಎನ್ನುವುದಿಲ್ಲ. ಹನ್ನೊಂದನೇ ಗಂಟೆಯಲ್ಲಿ ಕೈ ಮತ್ತು ಕಾಲಿನ ತಾಳ ತಪ್ಪುವುದು ಸ್ವಾಭಾವಿಕ.

ಬಜ್ಪೆಯ ಟ್ಯಾಂಕ್, ವಿಜಯಪುರದ ಜೋಳ

2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆ ಬಳಿಯ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕದಲ್ಲಿ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ. ಅವನನ್ನು ಎತ್ತಲು ಉಳಿದವರು ಇಳಿದರು. ಐವರು ಸತ್ತರು, ಎಲ್ಲರೂ ಪಶ್ಚಿಮ ಬಂಗಾಳದವರು.

ಕೊಳೆಯುವ ಮೀನಿನ ತ್ಯಾಜ್ಯದಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ಹಾಗಾಗಿ ವಾಸನೆ ಹೋಯಿತು ಅನಿಸುವ ಹೊತ್ತಿಗೇ ಅಪಾಯ ಅತಿ ಹೆಚ್ಚು. ಇಂಥ ಕಡೆ ಇಳಿಯುವ ಮುನ್ನ ಗ್ಯಾಸ್ ಮೀಟರ್ ಬಿಟ್ಟು ನೋಡಬೇಕು, ಬ್ಲೋವರ್ ಹಾಕಬೇಕು, ಸೊಂಟಕ್ಕೆ ಹಗ್ಗ ಕಟ್ಟಿರಬೇಕು, ಮೇಲೊಬ್ಬ ನಿಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬಿದ್ದವನನ್ನು ಎತ್ತಲು ಬರಿಗೈಯಲ್ಲಿ ಇಳಿಯಬಾರದು. ಈ ಕೊನೆಯದು ಮನುಷ್ಯ ಸ್ವಭಾವಕ್ಕೆ ವಿರುದ್ಧವಾದ ಪಾಠ. ತಮ್ಮೂರಿನವನೇ ಬಿದ್ದಿದ್ದಾನೆ ಎಂದಾಗ ಯಾರೂ ನಿಲ್ಲುವುದಿಲ್ಲ. ತಿಳಿಯುವ ಭಾಷೆಯಲ್ಲಿ, ಅಭ್ಯಾಸ ಮಾಡಿಸಿ ಕಲಿಸಿದ್ದರೆ ಮಾತ್ರ ಕೈ ತಡೆಯುತ್ತದೆ.

ಭಾಷೆಯ ವಿಷಯದಲ್ಲಿ ಹಳೆಯ ಕಾರ್ಖಾನೆ ಕಾಯ್ದೆಯಲ್ಲೇ ಒಂದು ಸೂಚನೆಯಿತ್ತು: ಫಲಕಗಳು ಇಂಗ್ಲಿಷ್‌ನಲ್ಲಿ ಮತ್ತು ‘ಬಹುಪಾಲು ಕಾರ್ಮಿಕರಿಗೆ ತಿಳಿಯುವ’ ಭಾಷೆಯಲ್ಲಿರಬೇಕು. ಬಹುಪಾಲು ಯಾರು ಎಂದು ತೀರ್ಮಾನಿಸುವುದು ಹಾಜರಿ ಪುಸ್ತಕ. ಅದರಲ್ಲಿ ಕಾಯಂ ನೌಕರರ ಹೆಸರಿರುತ್ತದೆ, ಗುತ್ತಿಗೆಯವರ ಹೆಸರು ಕಾಂಟ್ರಾಕ್ಟರ್‌ನ ಫೋನ್‌ನಲ್ಲಿರುತ್ತದೆ. ಕರ್ನಾಟಕದ ಕಾರ್ಖಾನೆಯಲ್ಲಿ ಕನ್ನಡದ ಫಲಕ ಇರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಟ್ಯಾಂಕ್ ಮೇಲೆ ಬಂಗಾಳಿಯಲ್ಲೂ ‘ಇಳಿಯಬೇಡಿ’ ಎಂದು ಬರೆದರೆ ಕನ್ನಡಕ್ಕೆ ಕುಂದೇನೂ ಬರುವುದಿಲ್ಲ.

2023ರ ಡಿಸೆಂಬರ್ 4ರಂದು ವಿಜಯಪುರದ ಮೆಕ್ಕೆಜೋಳ ಸಂಸ್ಕರಣಾ ಘಟಕದಲ್ಲಿ ಸಂಗ್ರಹ ವ್ಯವಸ್ಥೆ ಕುಸಿದು ಬಿಹಾರದ ಏಳು ಮಂದಿ ರಾಶಿಯಡಿ ಸಿಕ್ಕಿ ಸತ್ತರು. ಹೊರೆ ಎತ್ತುವ, ಟ್ಯಾಂಕ್ ತೊಳೆಯುವ, ರಾತ್ರಿ ಪಾಳಿಯ ಕೆಲಸಗಳು ಒಂದೇ ಗುಂಪಿಗೆ ಬೀಳುತ್ತಿರುವುದು ಆಕಸ್ಮಿಕವಲ್ಲ. ಸ್ಥಳೀಯನಿಗೆ ಬೇಡ ಎನ್ನುವ ಅವಕಾಶವಿದೆ, ಹಿಂದೆ ಮನೆಯಿದೆ, ಮಾತಾಡುವ ಪುಢಾರಿಯ ಪರಿಚಯವಿದೆ. ಕಾಂಟ್ರಾಕ್ಟರ್ ಕೊಟ್ಟ ಕೋಣೆಯಲ್ಲಿ ಮಲಗುವವನಿಗೆ ಕೆಲಸ ಹೋದರೆ ಅದೇ ರಾತ್ರಿ ಸೂರೂ ಹೋಗುತ್ತದೆ. 2024ರ ಜುಲೈನಲ್ಲಿ ರಾಜ್ಯದಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲು ಮಸೂದೆ ಎದ್ದು ತಡೆಗೆ ಸಿಕ್ಕಾಗ ಚರ್ಚೆಯಾದದ್ದು ಎಷ್ಟು ಕೆಲಸ ಯಾರಿಗೆ ಎಂಬುದು. ಬಾಯಿ ಬಿಡಲಾಗದವನನ್ನು ಗಾರ್ಡ್ ಇಲ್ಲದ ಯಂತ್ರಕ್ಕೆ ನಿಲ್ಲಿಸುವುದು ಅಗ್ಗವಾಗಿರುವವರೆಗೆ ಕನ್ನಡಿಗನ ಬೇಡಿಕೆಗೂ ಆ ಶೆಡ್‌ನಲ್ಲಿ ಬೆಲೆ ಇರುವುದಿಲ್ಲ ಎಂಬುದನ್ನು ಆಗ ಯಾರೂ ಎತ್ತಲಿಲ್ಲ.

ದೊಡ್ಡ ಕಾರ್ಖಾನೆಯಾದರೆ ಸುರಕ್ಷಿತವೇ

ಸಂಖ್ಯೆಯ ಮಿತಿಯೊಂದೇ ಸಮಸ್ಯೆ ಎನ್ನುವ ವಾದಕ್ಕೆ ತೆಲಂಗಾಣದ ಪಾಶಮೈಲಾರಂ ತಡೆ ಹಾಕುತ್ತದೆ. 2025ರ ಜೂನ್ 30ರಂದು ಅಲ್ಲಿನ ಸಿಗಾಚಿ ಕಾರ್ಖಾನೆಯಲ್ಲಿ, ಮಾತ್ರೆಗಳಿಗೆ ಬಳಸುವ ಸೆಲ್ಯುಲೋಸ್ ಪುಡಿ ಒಣಗಿಸುವ ಘಟಕ ಸಿಡಿಯಿತು. 46 ಮಂದಿ ಸತ್ತರು, 8 ಮಂದಿಯ ಪತ್ತೆಯೇ ಆಗಲಿಲ್ಲ. ಬಿಹಾರ, ಉತ್ತರ ಪ್ರದೇಶ, ಒಡಿಶಾ, ಜಾರ್ಖಂಡ್‌ಗಳವರು ಅವರಲ್ಲಿ ಬಹಳ. ಅದು ಶೇರು ಪೇಟೆಯಲ್ಲಿರುವ ಕಂಪನಿ, ಹಳೆಯ ಕಾಯ್ದೆಯ ಅಡಿ ನಿಸ್ಸಂದೇಹವಾಗಿ ಕಾರ್ಖಾನೆ. ಒಳಗೆ ಎಷ್ಟು ಜನರಿದ್ದರು ಎಂಬ ಅಂಕಿ ಮೊದಲ ದಿನ ಬದಲಾಗುತ್ತಲೇ ಹೋಯಿತು. ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆ ಬೇಕಾಯಿತು.

ಅಂದರೆ ಹಳೆಯ ಕಾನೂನನ್ನು ಹಾಗೇ ಉಳಿಸಿಕೊಂಡಿದ್ದರೂ ಸಾಲುತ್ತಿರಲಿಲ್ಲ. 2017ರಿಂದ 2020ರವರೆಗೆ ನೋಂದಾಯಿತ ಕಾರ್ಖಾನೆಗಳಲ್ಲೇ ವರ್ಷಕ್ಕೆ ಸರಾಸರಿ 1,100ಕ್ಕೂ ಹೆಚ್ಚು ಸಾವುಗಳಾದವು, ದಿನಕ್ಕೆ ಮೂರು. ನೋಂದಣಿಯಿಲ್ಲದ ಕಡೆಯ ಸಾವು ಈ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಖಾನೆಯ ವ್ಯಾಖ್ಯೆ ಕುಗ್ಗಿದಂತೆ ಅಂಕಿ ಇಳಿಯಲೂಬಹುದು. ಇಳಿಕೆಯನ್ನು ಮುಂದೆ ಯಾರಾದರೂ ಸುಧಾರಣೆ ಎಂದು ತೋರಿಸಿದರೆ ಮೊದಲು ಕೇಳಬೇಕಾದ್ದು, ಯಾವ ಶೆಡ್‌ಗಳನ್ನು ಎಣಿಕೆಯಿಂದ ಬಿಟ್ಟಿರಿ ಎಂಬುದನ್ನು.

ತಪಾಸಣೆ: ಇಬ್ಬರ ವಾದ

ಉದ್ಯಮಿಗಳ ದೂರನ್ನು ಹಗುರವಾಗಿ ನೋಡಬೇಕಿಲ್ಲ. ಇನ್‌ಸ್ಪೆಕ್ಟರ್ ಬರುತ್ತಾನೆ, ಯಂತ್ರ ನೋಡುವುದಿಲ್ಲ, ರಿಜಿಸ್ಟರ್‌ನಲ್ಲಿ ಒಂದು ಕಾಲಂ ಖಾಲಿ ಎಂದು ಹಿಡಿಯುತ್ತಾನೆ, ಕವರ್ ಪಡೆದು ಹೋಗುತ್ತಾನೆ ಎಂಬುದು ಸಣ್ಣ ಮಾಲೀಕರ ಹಳೆಯ ಅಳಲು. ಸಂಹಿತೆ ಇದಕ್ಕೆ ಉತ್ತರವಾಗಿ ಒಂದು ನೋಂದಣಿ, ಒಂದು ಲೈಸೆನ್ಸ್, ಒಂದು ರಿಟರ್ನ್ ತಂದಿದೆ. ಇನ್‌ಸ್ಪೆಕ್ಟರ್‌ಗೆ ‘ಫೆಸಿಲಿಟೇಟರ್’ (ನೆರವಾಗುವವ) ಎಂಬ ಬಾಲವನ್ನೂ ಅಂಟಿಸಿದೆ. ಎಲ್ಲಿ ತಪಾಸಣೆ ಎಂಬುದನ್ನು ಕಂಪ್ಯೂಟರ್ ಆರಿಸುತ್ತದೆ.

ಸಂಘಟನೆಗಳ ಆಕ್ಷೇಪವೂ ನೇರವಾದದ್ದು. ಭಾರತ 1949ರಲ್ಲೇ ಒಪ್ಪಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಪಾಸಣಾ ಒಡಂಬಡಿಕೆಯ ಪ್ರಕಾರ ಅಧಿಕಾರಿ ಹಗಲು ರಾತ್ರಿಯೆನ್ನದೆ, ಮುನ್ಸೂಚನೆಯಿಲ್ಲದೆ ಒಳಹೋಗಬಲ್ಲವನಾಗಿರಬೇಕು. ಕಂಪ್ಯೂಟರ್ ಆಯ್ಕೆ ಲಂಚವನ್ನು ತಗ್ಗಿಸಬಹುದು, ಆದರೆ ಅದು ನೋಂದಾಯಿತ ಪಟ್ಟಿಯಿಂದಲೇ ಆರಿಸುತ್ತದೆ. ಪಟ್ಟಿಯಲ್ಲಿ ಇಲ್ಲದ ಶೆಡ್ ಅದಕ್ಕೆ ಕಾಣದು. ದೂರು ಬಂದರೆ ಹೋಗಬಹುದಲ್ಲ ಎನ್ನಬಹುದು. ಸಂಹಿತೆಯಲ್ಲಿ ಕಾರ್ಮಿಕನಿಗೆ ಅಪಾಯವನ್ನು ಮಾಲೀಕನಿಗೂ ಅಧಿಕಾರಿಗೂ ತಿಳಿಸುವ ಹಕ್ಕಿದೆ ನಿಜ. ಆದರೆ ತಿಳಿಸಿದವನ ಕೆಲಸ ಉಳಿಯುತ್ತದೆಯೇ ಎಂಬುದು ಬೇರೆ ಮಾತು, ಅದರಲ್ಲೂ ಅವನು ಕಾಂಟ್ರಾಕ್ಟರ್‌ನ ಆಳಾಗಿದ್ದರೆ. ಕಾರ್ಮಿಕರೂ ಕೂರುವ ಸುರಕ್ಷತಾ ಸಮಿತಿ ಇದಕ್ಕೊಂದು ದಾರಿಯಾಗಬಹುದಿತ್ತು. ಅದು ಕಡ್ಡಾಯವಾಗಿರುವುದು 500 ಜನರಿರುವ, ಅಪಾಯಕಾರಿ ಪ್ರಕ್ರಿಯೆಯಾದರೆ 250 ಜನರಿರುವ ಕಾರ್ಖಾನೆಗಳಲ್ಲಿ ಮಾತ್ರ.

ಒಂದು ಬೆರಳಿಗೆ ಎಷ್ಟು

ಹೊಸ ಸಂಹಿತೆ ನಿಜಕ್ಕೂ ಬಿಗಿಯಾಗಿರುವುದು ದಂಡದಲ್ಲಿ. ನಿಯಮ ಮುರಿದು ಸಾವಾದರೆ ಹಳೆಯ ಕಾಯ್ದೆಯಲ್ಲಿ ಕನಿಷ್ಠ ದಂಡ 25,000 ರೂಪಾಯಿ. ಈಗ 5 ಲಕ್ಷಕ್ಕೆ ಕಡಿಮೆಯಿಲ್ಲ, ಎರಡು ವರ್ಷದವರೆಗೆ ಜೈಲೂ ಆಗಬಹುದು. ದಂಡದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಸಂತ್ರಸ್ತನಿಗೋ ವಾರಸುದಾರರಿಗೋ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಇದು ಒಳ್ಳೆಯ ಬದಲಾವಣೆ.

ಪರಿಹಾರದ ಸೂತ್ರ ಮಾತ್ರ ಹಳೆಯದೇ. ಇಎಸ್‌ಐ ವ್ಯಾಪ್ತಿಯಲ್ಲಿಲ್ಲದ 25 ವರ್ಷದ ಹುಡುಗನ ತಿಂಗಳ ಕೂಲಿ 15,000 ಎಂದು ಹಿಡಿಯಿರಿ. ಅವನು ಸತ್ತರೆ ಕೂಲಿಯ ಅರ್ಧವನ್ನು, ಆ ವಯಸ್ಸಿಗೆ ಕಾನೂನಿನ ಪಟ್ಟಿ ಕೊಟ್ಟಿರುವ 216.91ರಿಂದ ಗುಣಿಸಬೇಕು: ಸುಮಾರು 16.27 ಲಕ್ಷ. ತೋರುಬೆರಳು ಪೂರ್ತಿ ಹೋದರೆ ಗಳಿಕೆ ಸಾಮರ್ಥ್ಯದಲ್ಲಿ ಶೇ. 14 ನಷ್ಟ ಎಂದು ಪಟ್ಟಿ ಹೇಳುತ್ತದೆ: ಸಾವಿನದಕ್ಕಿಂತ ಬೇರೆಯಾದ ಅಂಗನಷ್ಟದ ಸೂತ್ರದಂತೆ ಸುಮಾರು 2.73 ಲಕ್ಷ. ತೋರುಬೆರಳಿಲ್ಲದವನನ್ನು ಯಾವ ಪ್ರೆಸ್ ಶೆಡ್ ಶೇ. 86ರಷ್ಟು ಆಪರೇಟರ್ ಎಂದು ಇಟ್ಟುಕೊಳ್ಳುತ್ತದೆ ಎಂಬುದನ್ನು ಪಟ್ಟಿ ಹೇಳುವುದಿಲ್ಲ.

ಅಷ್ಟಾದರೂ ಸಿಗಬೇಕಾದರೆ ಅವನು ಅಲ್ಲಿ ಕೆಲಸ ಮಾಡುತ್ತಿದ್ದ ಎಂಬುದಕ್ಕೆ ಪುರಾವೆ ಬೇಕು. ನೇಮಕಾತಿ ಪತ್ರ ಮುಖ್ಯವಾಗುವುದು ಇಲ್ಲಿ. ಪರಿಹಾರದ ಅರ್ಜಿಯನ್ನು ಬಿಹಾರದ ದರ್ಭಂಗಾದಲ್ಲೋ ಒಡಿಶಾದ ಗಂಜಾಂನಲ್ಲೋ, ಕುಟುಂಬ ಇರುವ ಊರಿನಲ್ಲೇ ಹಾಕುವ ಅವಕಾಶ 1990ರ ದಶಕದಿಂದಲೂ ಕಾನೂನಿನಲ್ಲಿದೆ. ಆದರೆ ದೇಹವನ್ನು ಊರಿಗೆ ಸಾಗಿಸುವ ಖರ್ಚು ಕೊಟ್ಟು, ಕೈಗೊಂದಿಷ್ಟು ಹಣ ಇಟ್ಟು, ಒಂದು ಹಾಳೆಗೆ ಸಹಿ ಹಾಕಿಸಿಕೊಂಡರೆ ಅಲ್ಲಿಗೇ ಮುಗಿಯುವ ಪ್ರಕರಣಗಳು ಅರ್ಜಿಯವರೆಗೆ ಬರುವುದೇ ಇಲ್ಲ.

ಇನ್ನು ನೋಡಬೇಕಾದ್ದು

ಸಂಹಿತೆ ಚೌಕಟ್ಟು ಮಾತ್ರ. ಹೊಸ ನಿಯಮಗಳು ಬರುವವರೆಗೆ, ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳೇ ಮುಂದುವರಿಯುತ್ತವೆ. ಮೂರು ಕಡೆ ಕಣ್ಣಿಡಬೇಕು. ಅಪಾಯಕಾರಿ ಅಥವಾ ಜೀವಕ್ಕೆ ಎರವಾಗುವ ಕೆಲಸ ಎಂದು ಕೇಂದ್ರ ಅಧಿಸೂಚಿಸಿದರೆ ಕಾರ್ಮಿಕರ ಸಂಖ್ಯೆಯ ಮಿತಿ ಇಲ್ಲದೆಯೇ ಸಂಹಿತೆ ಅನ್ವಯಿಸುತ್ತದೆ. ಪವರ್ ಪ್ರೆಸ್ ಆ ಪಟ್ಟಿಗೆ ಸೇರುತ್ತದೆಯೇ ಎಂಬುದು ಒಂದು. ಹೊಸ ಕಾರ್ಖಾನೆಗಳಿಗೆ ‘ಆರ್ಥಿಕ ಚಟುವಟಿಕೆ ಮತ್ತು ಉದ್ಯೋಗ’ದ ಹೆಸರಿನಲ್ಲಿ ವಿನಾಯಿತಿ ಕೊಡುವ ಅಧಿಕಾರ ರಾಜ್ಯಗಳಿಗಿದೆ, ಹೂಡಿಕೆಗಾಗಿ ಪಕ್ಕದ ರಾಜ್ಯಗಳ ಜೊತೆ ಪೈಪೋಟಿಗೆ ಬಿದ್ದಿರುವ ಕರ್ನಾಟಕ ಅದನ್ನು ಎಷ್ಟು ಬಳಸುತ್ತದೆ ಎಂಬುದು ಇನ್ನೊಂದು. ಮೂರನೆಯದು ಕಾನೂನಿನ ಆಚೆಗಿದೆ. ಕಾರು, ಸ್ಕೂಟರ್ ಮಾಡುವ ದೊಡ್ಡ ಕಂಪನಿಗಳು ತಮಗೆ ನೇರ ಮಾಲು ಕೊಡುವವರ ಸುರಕ್ಷತೆಯನ್ನು ಆಡಿಟ್ ಮಾಡುತ್ತವೆ. ತಗಡು ಕತ್ತರಿಸುವ ಕೆಲಸ ಅವರಿಂದ ಕೆಳಗೆ, ಅದರ ಕೆಳಗಿನ ಶೆಡ್‌ಗೆ ಹೋಗಿರುತ್ತದೆ. ಗಾರ್ಡ್ ಇಲ್ಲದ ಪ್ರೆಸ್‌ನಲ್ಲಿ ಮಾಡಿದ ತುಂಡನ್ನು ಕೊಳ್ಳುವುದಿಲ್ಲ ಎಂದು ಆರ್ಡರ್‌ನಲ್ಲೇ ಬರೆದರೆ, ಇನ್‌ಸ್ಪೆಕ್ಟರ್‌ಗಿಂತ ಮೊದಲು ಆ ಶೆಡ್‌ಗೆ ಗಾರ್ಡ್ ಬಂದಿರುತ್ತದೆ.